ಗುಂಡಿ ಡಬ್ಬಿಯಲ್ಲಿ ಅಮ್ಮನ ಫೋನ್

"ಇಲ್ಲೇ ಇಟ್ಟಿದ್ದೆ ಕಣೇ! ಫೋನಿಗೇನು ಕಾಲು ಬಂತಾ?"

ಅಮ್ಮ ಹೊಲಿಗೆ ಮಿಷನ್ನಿನ ಕೆಳಗೆ, ಬಟ್ಟೆ ರಾಶಿಯೊಳಗೆ, ದಿಂಬಿನಡಿ ಎಲ್ಲ ತಡಕಾಡಿದಳು. ತುಂಬು ಬಸುರಿ. ಬಗ್ಗಿ ಏಳುವಷ್ಟರಲ್ಲಿ ಏದುಸಿರು ಬಂತು.

"ನಂಗೊತ್ತಿಲ್ಲಮ್ಮ" ಎಂದಳು ಚೂಟಿ. ಪುಸ್ತಕದಿಂದ ತಲೆ ಎತ್ತಲಿಲ್ಲ.

ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಅಂಗಿ ಗುಂಡಿ ತುಂಬಿಡುವ ಸ್ಟೀಲ್ ಡಬ್ಬಿಯ ತಳದಲ್ಲಿ ಫೋನನ್ನು ಹೂತು, ಮುಚ್ಚಳ ಬಿಗಿದಿಟ್ಟವಳು ಅವಳೇ.

ಹೊಲಿಯುತ್ತ ಕೂತರೆ ಅಮ್ಮ ಫೋನನ್ನು ಹೊಟ್ಟೆಯ ಮೇಲೇ ಇಟ್ಟುಕೊಳ್ಳುತ್ತಿದ್ದಳು. ನಿನ್ನೆ ಸ್ಕೂಲ್ ಬಸ್ಸಿನಲ್ಲಿ ಪಕ್ಕದ ಸೀಟಿನ ಬಾಯಿಬಡುಕ ಹೇಳಿದ್ದ: "ಫೋನಿನ ಆಂಟೆನಾದಿಂದ ಅಲೆ ಬರುತ್ತೆ. ಮೈಯೊಳಗೆ ಹೋಗಿ ಓವನ್ ಥರ ಬೇಯಿಸಿಬಿಡುತ್ತೆ!" ಆಗಿನಿಂದ ಚೂಟಿಗೆ ಊಟ ರುಚಿಸಿರಲಿಲ್ಲ, ನಿದ್ದೆ ಹತ್ತಿರಲಿಲ್ಲ.

ಬಾಗಿಲು ದಡಾರನೆ ತೆರೆಯಿತು. ಅಪ್ಪ! ಲಿಫ್ಟ್ ರಿಪೇರಿಯ ಗ್ರೀಸ್ ಕೈಯಲ್ಲಿ ಹಾಗೇ ಇತ್ತು. ಮುಖ ಬಿಳಿಚಿಕೊಂಡಿತ್ತು.

"ಎಷ್ಟು ಸಲ ಮಾಡಿದ್ರೂ ನಾಟ್ ರೀಚಬಲ್! ನೋವು ಶುರುವಾಯ್ತೇನೋ ಅಂತ ಜೀವ ಬಾಯಿಗೆ ಬಂದಿತ್ತು ನಂಗೆ."

ಅಪ್ಪ ಗೋಡೆಗೆ ಒರಗಿ ಕುಸಿದು ಕೂತ. ಅಪ್ಪ ಹೀಗೆ ಹೆದರಿದ್ದನ್ನು ಚೂಟಿ ಎಂದೂ ನೋಡಿರಲಿಲ್ಲ. ಸದ್ದಿಲ್ಲದೆ ಎದ್ದು ಡಬ್ಬಿ ತಂದಳು. ಮುಚ್ಚಳ ತೆಗೆದು ತಳದಿಂದ ಫೋನ್ ಎಳೆದದ್ದೇ, ಗುಂಡಿಗಳೆಲ್ಲ ನೆಲದ ತುಂಬ ಚೆಲ್ಲಾಪಿಲ್ಲಿ.

"ಫೋನಿನ ಅಲೆಗೆ ಪಾಪು ಬೆಂದುಹೋಗುತ್ತೆ ಅಂತ..." ಎಂದವಳೇ ಅತ್ತುಬಿಟ್ಟಳು.

ಬೈಗುಳ ಬೀಳಲಿಲ್ಲ.

"ಅಯ್ಯೋ ನನ್ನ ಬಂಗಾರ" ಎಂದು ಅಮ್ಮ ಅವಳನ್ನು ಬಳಿಗೆಳೆದುಕೊಂಡಳು. "ನಾಳೆ ಹೇಗೂ ಚೆಕಪ್ ಇದೆ. ಡಾಕ್ಟರನ್ನೇ ಕೇಳು, ಬಾ."

ಮರುದಿನ ಆಸ್ಪತ್ರೆಯಲ್ಲಿ ಚೂಟಿ ಡಬ್ಬಿಯ ಕತೆಯನ್ನೆಲ್ಲ ಹೇಳಿ, ಕೇಳಿಯೇಬಿಟ್ಟಳು. ಡಾಕ್ಟರಮ್ಮ ನಗಲಿಲ್ಲ.

"ಆಂಟೆನಾದಿಂದ ಅಲೆ ಬರೋದು ನಿಜ ಪುಟ್ಟಿ. ಮೈ ಅದನ್ನ ಒಂಚೂರು ಹೀರಿಕೊಳ್ಳೋದೂ ನಿಜ. ಆದ್ರೆ ಓವನ್ ಎಲ್ಲಿ, ಫೋನ್ ಎಲ್ಲಿ? ಆನೆ ಮುಂದೆ ಇರುವೆ! ಬೇಯೋ ಮಾತೇ ಇಲ್ಲ."

"ಅಂದ್ರೆ ಪಾಪುಗೆ ಏನೂ ಆಗಲ್ವಾ?"

"ಆಗುತ್ತೆ ಅನ್ನೋಕೆ ಗಟ್ಟಿ ಪುರಾವೆ ಇದುವರೆಗೂ ಸಿಕ್ಕಿಲ್ಲ. ವಿಜ್ಞಾನಿಗಳು ಪರೀಕ್ಷೆ ಮಾಡ್ತಾನೇ ಇದ್ದಾರೆ. ನಿಂಗೆ ಅಳುಕಿದ್ರೆ ಅಮ್ಮ ಫೋನನ್ನ ಮೇಜಿನ ಮೇಲೆ ಇಟ್ಕೊಳ್ಳಲಿ. ದೂರ ಇದ್ದಷ್ಟೂ ಮೈಗೆ ಸೇರೋದು ಕಡಿಮೆ. ಸ್ಟೀಲ್ ಡಬ್ಬಿ ಮಾತ್ರ ಬೇಡಮ್ಮ ತಾಯಿ! ಅದು ಅಲೆಗಳನ್ನ ತಡೆದುಬಿಡುತ್ತೆ. ಅಪ್ಪನ ಕಾಲ್ ಬರೋದಾದ್ರೂ ಹೇಗೆ?"

ಆಮೇಲೆ ಅವರು ಅಮ್ಮನ ಹೊಟ್ಟೆಗೆ ಒಂದು ಪುಟ್ಟ ಮಿಷನ್ ಒತ್ತಿ ಹಿಡಿದರು. ದಡಬಡ ದಡಬಡ ದಡಬಡ!

"ಇದು... ನಮ್ಮ ಪಾಪುನಾ? ಇಷ್ಟು ಜೋರಾಗಿ ಓಡ್ತಿದೆಯಾ?"

"ಓಡ್ತಿಲ್ಲ, ಎದೆ ಬಡಿತಾ ಇದೆ. ಪಸಂದಾಗಿದೆ."

ಹೊರಗೆ ಬಂದು ಅಮ್ಮ ಚಪ್ಪಲಿ ಮೆಟ್ಟುತ್ತಿದ್ದಾಗ ಫೋನ್ ರಿಂಗಾಯಿತು. ಅಪ್ಪ. ಚೂಟಿ ಸ್ಪೀಕರ್ ಒತ್ತಿದಳು. ಅವನು ಹಲೋ ಅನ್ನುವ ಮೊದಲೇ ಹೇಳಿದಳು:

"ಅಪ್ಪಾ, ಅಮ್ಮ ಚೆನ್ನಾಗಿದ್ದಾಳೆ. ಪಾಪೂನೂ ಚೆನ್ನಾಗಿದೆ."

ಆ ಕಡೆಯಿಂದ ನೀಳವಾದ ಉಸಿರೊಂದು ಕೇಳಿಸಿತು. ಅದು ಮುಗಿಯುವವರೆಗೂ ಚೂಟಿ ಸುಮ್ಮನೆ ಕಾದಳು.

"ಹ್ಞೂಂ, ಈಗ ಮಾತಾಡಪ್ಪ" ಎಂದಳು.