ಕರಡಿಪಳ್ಳದಲ್ಲಿ ಜಾರಿದ ದನಿ

ಮಳೆಗಾಲ ಹಿಡಿಯುವುದರೊಳಗೆ ಕರಡಿಪಳ್ಳದ ಕಮರಿಗೆ ಇಳಿದು ಬರಬೇಕಿತ್ತು. ಆನೆಮಲೆಯ ಬೆನ್ನಿನ ಮೇಲೆ ಹುಟ್ಟುವ ಆ ಹಳ್ಳಕ್ಕೆ ಅಣೆ ಕಟ್ಟಿ, ನೀರನ್ನು ಪೊಳ್ಳಾಚಿಯ ಬಯಲಿಗೆ ತಿರುಗಿಸಬಹುದೇ ಎಂಬುದು ಸರ್ಕಾರದ ಪ್ರಶ್ನೆ. ಉತ್ತರ ಹೇಳಬೇಕಾದರೆ ಕಮರಿಯ ಅತಿ ಕಿರಿದಾದ ಜಾಗದ ಅಗಲ ಅಳೆಯಬೇಕು, ಅಲ್ಲಿಯ ಬಂಡೆಗೆ ನೀರಿನ ಮಟ್ಟ ತೋರಿಸುವ ಕಬ್ಬಿಣದ ಪಟ್ಟಿ ಕೂರಿಸಬೇಕು. ಹಿಂದಿನ ವರ್ಷ ಹೋದವರು ಅರ್ಧ ದಾರಿಯಿಂದ ವಾಪಸಾಗಿದ್ದರು. ೧೯೫೭ರ ಮೇ ತಿಂಗಳಲ್ಲಿ ಎಂಜಿನಿಯರ್ ಗೋಪಾಲಕೃಷ್ಣರಾಯರು ಹೊಸ ತಂಡ ಕಟ್ಟಿದರು.

ತಂಡದಲ್ಲಿದ್ದದ್ದು ಮೂರೇ ಜನ. ಮುಖ್ಯಸ್ಥ ಸರ್ವೆಯರ್ ಚೆನ್ನಕೇಶವನ್, ತಿರುಪ್ಪೂರಿನ ನೇಕಾರರ ಮನೆಯವನು, ಮಾತು ಕಮ್ಮಿ. ಹಗ್ಗದ ಕೆಲಸಕ್ಕೆ ನಂಜುಂಡನ್, ಕಲ್ಲುಗಣಿಯಲ್ಲಿ ಬಂಡೆ ಹತ್ತಿ ಇಳಿದು ಪಳಗಿದವನು. ಮೂರನೆಯವನು ರಾಯರ ತಮ್ಮ ವ್ಯಾಸರಾಯ. ಕೊಯಮತ್ತೂರಿನಲ್ಲಿ ಅವನದೊಂದು ರೇಡಿಯೋ ರಿಪೇರಿ ಅಂಗಡಿ. ಕಮರಿಯ ತಳದಿಂದ ನೋಡಿದರೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಮೇಲಿನ ಇಳಿಜಾರಿನಲ್ಲಿ ಮಳೆ ಸುರಿದರೆ ಕೆಳಗಿದ್ದವರಿಗೆ ಗೊತ್ತಾಗುವುದು ನೀರು ಬಂದು ಬಡಿದಾಗಲೇ. ಆದ್ದರಿಂದ ಮೇಲೆ ಟೀ ಎಸ್ಟೇಟಿನ ಬಂಗಲೆಯಲ್ಲಿ ಒಬ್ಬರು ಮೋಡ ನೋಡುತ್ತ ಕೂತು ವೈರ್‌ಲೆಸ್‌ನಲ್ಲಿ ಎಚ್ಚರಿಸಬೇಕು. ಆ ಕೆಲಸಕ್ಕೆ ನೇಮಕವಾದವನು ಜ್ವರದಿಂದ ಮಲಗಿದ್ದರಿಂದ ರಾಯರ ಹೆಂಡತಿ ವೇದವತಿ ತಾನೇ ಕೂರುತ್ತೇನೆಂದಳು. ಮೈದುನನ ಹತ್ತಿರ ಹಟ ಹಿಡಿದು ಆ ವಿದ್ಯೆ ಕಲಿತವಳು ಅವಳು.

ಬಂಗಲೆಯ ವೈರ್‌ಲೆಸ್ ಸೆಟ್ಟಿಗೆ ಸ್ಫಟಿಕವಿತ್ತು. ಸ್ಫಟಿಕವಿದ್ದ ಸೆಟ್ಟು ಒಂದೇ ಕಂಪನದಲ್ಲಿ ಅಲುಗಾಡದೆ ನಿಲ್ಲುತ್ತದೆ; ಇಲ್ಲದ್ದು ಕಾವು ಏರಿಳಿದಂತೆ ಅತ್ತಿತ್ತ ಜಾರುತ್ತದೆ. ಕಮರಿಗೆ ಒಯ್ಯುವ ಸೆಟ್ಟನ್ನು, ಯುದ್ಧಕಾಲದ ಹಳೇ ಸಾಮಾನು ಕೂಡಿಸಿ, ವ್ಯಾಸರಾಯನೇ ಕಟ್ಟಿದ್ದ. ಅದಕ್ಕೂ ಮದ್ರಾಸಿನಿಂದ ಸ್ಫಟಿಕ ತರಿಸೋಣ, ಒಂದು ವಾರ ತಡವಾದರೂ ಆಗಲಿ ಎಂದು ಅಣ್ಣ ಹೇಳಿದಾಗ ಅವನು ಬೇಡವೆಂದ. ತನ್ನ ಕೈಕೆಲಸಕ್ಕೆ ಊರುಗೋಲು ಕೊಟ್ಟಂತೆ ಅನಿಸಿತ್ತು ಅವನಿಗೆ.

ಕೊಯಮತ್ತೂರಿನ ಪೀಳಮೇಡಿನ ಮನೆಯ ಮಹಡಿಯ ಮೇಲೆ ಪರೀಕ್ಷೆ ಮಾಡಿದ ದಿನ ವೇದವತಿ ದೂರದ ತೋಟದಲ್ಲಿ ಇನ್ನೊಂದು ಸೆಟ್ಟಿನೊಂದಿಗೆ ಕೂತಿದ್ದಳು. ವಾಪಸ್ ಬಂದವಳೇ, "ವ್ಯಾಸು, ನಿನ್ನ ದನಿ ಜಾರುತ್ತೆ. ಮೊದಲು ಸರಿಯಾಗಿತ್ತು, ಬರ್ತಾ ಬರ್ತಾ ಕೀರಲಾಗೋಯ್ತು" ಎಂದಳು.

"ಜಾರಿರೋದು ನಿಮ್ಮ ಕಿವಿ, ಅತ್ತಿಗೆ" ಎಂದ ವ್ಯಾಸರಾಯ. ಸುತ್ತ ನಿಂತವರು ನಕ್ಕರು. ಅವನು ಕಂಪನ ಹೊಂದಿಸುವ ತಿರುಗಣೆಯನ್ನು ಗುರುತಿಗೆ ಸರಿಯಾಗಿ ನಿಲ್ಲಿಸಿ, ಇನ್ನು ಯಾರೂ ಮುಟ್ಟಬಾರದೆಂದು ಅರಗು ಕರಗಿಸಿ ಮುದ್ರೆ ಹಾಕಿಬಿಟ್ಟ.

ಎಸ್ಟೇಟಿನ ಕೊನೆಯ ಟೀ ಸಾಲು ದಾಟಿದ ಮೇಲೆ ಕಾಡು ಮೂವರನ್ನೂ ಒಳಗೆ ಎಳೆದುಕೊಂಡಿತು. ಬೆತ್ತದ ಮುಳ್ಳು ಅಂಗಿ ಹಿಡಿದು ನಿಲ್ಲಿಸುತ್ತಿತ್ತು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಜಿಗಣೆ ಕಾಲಿಗೆ ಹತ್ತಿರುತ್ತಿತ್ತು. ಆನೆಗಳು ತುಳಿದು ಮಾಡಿದ ಹಾದಿ ಗುಡ್ಡದ ಸೊಂಟ ಬಳಸಿಕೊಂಡು ಇಳಿಯಿತು, ಆಮೇಲೆ ಆನೆಗೂ ಸಾಧ್ಯವಿಲ್ಲದಷ್ಟು ಕಡಿದಾಯಿತು. ಅಲ್ಲಿಂದ ಮುಂದೆ ನಂಜುಂಡನ್‌ನ ಹಗ್ಗವೇ ಹಾದಿ. ಹಾಸುಬಂಡೆಗಳಿಗೆ ಬೆನ್ನು ಉಜ್ಜಿಕೊಂಡು, ಬೇರು ಹಿಡಿದು, ಒಬ್ಬರ ಹೆಗಲಿನ ಮೇಲೆ ಒಬ್ಬರು ಕಾಲಿಟ್ಟು ಇಳಿದರು. ಎರಡು ಕಡೆಯೂ ಕಪ್ಪು ಗೋಡೆ; ನಡುವೆ ಮೊಣಕಾಲುದ್ದದ ನೀರು, ಗಾಜಿನಷ್ಟು ತಿಳಿ, ಕಲ್ಲಿನಿಂದ ಕಲ್ಲಿಗೆ ಹಾರಿಕೊಂಡು ಹೋಗುತ್ತಿತ್ತು. ಮೇಲೆ ಎಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆ ಬಡಿತ, ಅಷ್ಟೇ.

ಮಧ್ಯಾಹ್ನ ಬಂಡೆ ಇನ್ನೂ ಬೆಚ್ಚಗಿತ್ತು. ಸೆಟ್ಟು ಹಚ್ಚಿದ ಕೂಡಲೇ ವೇದವತಿಯ ದನಿ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಿಸಿತು. ವ್ಯಾಸರಾಯ ಇಬ್ಬರ ಮುಖವನ್ನೂ ಒಮ್ಮೆ ನೋಡಿದ. ಅಂದೇ ಅಗಲ ಅಳೆದು ಮುಗಿಸಿದರು. ಉಳಿದದ್ದು ಕಬ್ಬಿಣದ ಪಟ್ಟಿ ಮಾತ್ರ.

ಬೆಳಗಾಗುವಷ್ಟರಲ್ಲಿ ಕಮರಿಯ ತುಂಬ ಮಂಜು ಇಳಿದಿತ್ತು. ಸೆಟ್ಟಿನ ತಗಡು ಮುಟ್ಟಿದರೆ ಬೆರಳು ಜುಮ್ಮೆನ್ನುವಷ್ಟು ತಣ್ಣಗಿತ್ತು. ಹಚ್ಚಿದರೆ ಬರಿಯ ಸುಯ್ಯೆನ್ನುವ ಸದ್ದು. ಕರೆದ, ಕಾದ, ಮತ್ತೆ ಕರೆದ. ಉತ್ತರವಿಲ್ಲ.

ಮೇಲಿನಿಂದ ಮಾತು ಬರುವ ತನಕ ಯಾರೂ ನೀರಿಗೆ ಇಳಿಯಕೂಡದು ಎಂಬುದು ರಾಯರ ಕಟ್ಟಪ್ಪಣೆ. ಚೆನ್ನಕೇಶವನ್ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಸೆಟ್ಟಿಗೇನಾದರೂ ಆಗಿದೆಯೇ, ಕಾಯೋಣವೇ ಎಂದು ಕೇಳಿದ.

ವ್ಯಾಸರಾಯನ ಎದೆಯಲ್ಲಿ ಅತ್ತಿಗೆಯ ಮಾತು ಒಮ್ಮೆ ಎದ್ದು ನಿಂತಿತು. ಅವನು ಅದನ್ನು ಅದುಮಿದ.

"ಸೆಟ್ಟು ಸರಿಯಾಗೇ ಇದೆ. ಮೇಲೆ ಕೂತು ಕೇಳೋರಿಲ್ಲ, ಅಷ್ಟೆ. ಅತ್ತಿಗೆ ಕಾಫಿ ಕಾಸೋಕೆ ಎದ್ದು ಹೋಗಿರಬೇಕು. ಮಳೆ ಇದ್ದಿದ್ರೆ ಅವರೇ ಕರೀತಿದ್ರು."

ಚೆನ್ನಕೇಶವನ್ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ತಲೆಯಾಡಿಸಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಸುತ್ತಿಗೆ ಹಿಡಿದು ನೀರಿಗೆ ಇಳಿದ.

ಪಟ್ಟಿಯ ಮೇಲಿನ ಎರಡು ಮೊಳೆ ಕೂತವು. ಮೂರನೆಯದಕ್ಕೆ ಸುತ್ತಿಗೆ ಎತ್ತಿದಾಗ ನೀರಿನ ಬಣ್ಣ ಬದಲಾಯಿತು.

ನಂಜುಂಡನ್ ಮೊದಲು ನೋಡಿದ. "ವಾ ಮೇಲೆ, ವಾ" ಎಂದು ತಮಿಳಿನಲ್ಲಿ ಕೂಗುತ್ತ ಹಗ್ಗ ಜಗ್ಗಿದ.

ನೀರು ಗೋಡೆಯಂತೆ ಬಂತು. ಕೆಂಪು ಮಣ್ಣು, ಕೊಂಬೆ, ಕಲ್ಲು. ಚೆನ್ನಕೇಶವನ್ ಮುಳುಗಿದ, ಎದ್ದ, ಮತ್ತೆ ಮುಳುಗಿದ. ಹಗ್ಗ ಬಿಲ್ಲಿನ ಹೆದೆಯಂತೆ ಬಿಗಿಯಿತು. ವ್ಯಾಸರಾಯ ಸೆಟ್ಟು ಬಿಟ್ಟು ಓಡಿ ಹಗ್ಗಕ್ಕೆ ಕೈ ಹಾಕಿದ. ಅಂಗೈ ಸುಲಿಯಿತು. ಇಬ್ಬರೂ ಬಂಡೆಗೆ ಹಿಮ್ಮಡಿ ಕೊಟ್ಟು ಎಳೆದರು.

ಕೊನೆಗೆ ಅವನು ಮೇಲೆ ಬಂದ. ಬಲಗಾಲು ಮೊಣಕಾಲಿನ ಕೆಳಗೆ ಸಲ್ಲದ ಕಡೆಗೆ ತಿರುಗಿತ್ತು.

ಬಂದ ಹಾದಿಯನ್ನು ನೀರು ನುಂಗಿತ್ತು. ಮೂವರೂ ಒಂದು ಚಾಚುಬಂಡೆಯ ಮೇಲೆ ಸಿಕ್ಕಿಬಿದ್ದಿದ್ದರು. ನೆರೆ ಅದರ ಅಂಚನ್ನು ನೆಕ್ಕುತ್ತಿತ್ತು. ಮೇಲಿನಿಂದ ಯಾರಾದರೂ ಹಗ್ಗ ಬಿಟ್ಟರಷ್ಟೇ ಗತಿ.

ವ್ಯಾಸರಾಯ ಚಾಕು ತೆಗೆದು ಅರಗನ್ನು ಕೆತ್ತಿ ಹಾಕಿದ. ತಿರುಗಣೆಯನ್ನು ಒಂದು ಕೂದಲೆಳೆಯಷ್ಟು ಸರಿಸಿದ. ಇನ್ನೊಂದು ಕೂದಲೆಳೆ.

"...ಇಳೀಬೇಡಿ. ಮೇಲೆ ದೊಡ್ಡ ಮಳೆ. ವ್ಯಾಸು, ಕೇಳಿಸ್ತಿದೆಯಾ? ನೀರಿಗೆ ಇಳೀಬೇಡಿ..."

ಅವಳು ಎದ್ದು ಹೋಗಿರಲಿಲ್ಲ. ಅದೇ ಮಾತನ್ನು ಎಷ್ಟು ಸಲ ಹೇಳಿದ್ದಳೋ, ದನಿ ಅರ್ಧ ಒಡೆದಿತ್ತು. ಗುರುತಿನ ಪಕ್ಕದಲ್ಲೇ, ಒಂದು ಕಾಳಿನಷ್ಟು ದೂರದಲ್ಲಿ, ಅಷ್ಟು ಹೊತ್ತೂ ಅವಳು ಕೂಗುತ್ತಿದ್ದಳು. ವ್ಯಾಸರಾಯನಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹಿಂದೆ ಚೆನ್ನಕೇಶವನ್ ಹಲ್ಲು ಕಚ್ಚಿಕೊಂಡು ಮಲಗಿದ್ದ. ಅವನಿಗೂ ಆ ದನಿ ಕೇಳಿಸಿತ್ತು.

ನಾಚಿಕೆಗೆ ಆಗ ಪುರಸೊತ್ತಿರಲಿಲ್ಲ. ಅವಳ ಕಂಪನಕ್ಕೆ ತನ್ನದನ್ನು ಕಿವಿಯಲ್ಲೇ ಹೊಂದಿಸಿ ಅವನು ಮಾತಾಡಿದ. ಒಂದೆರಡು ಮಾತು ದಾಟುವಷ್ಟರಲ್ಲಿ ತುಂತುರು ಬಡಿದು ಸೆಟ್ಟು ಮತ್ತೆ ತಣ್ಣಗಾಗಿ ಜಾರಿತು. ಅವನು ಕಂಬಳಿ ಎಳೆದು ಅದಕ್ಕೆ ಸುತ್ತಿ, ಅಂಗಿ ಬಿಚ್ಚಿ, ಮಗುವನ್ನು ಅವಚುವಂತೆ ಬರಿಯ ಎದೆಗೆ ಅವಚಿಕೊಂಡ. ಒಳಗಿನ ವಾಲ್ವುಗಳ ಕಾವು ಆರದೆ ಉಳಿಯಿತು. ಒಂದು ಕೈ ತಿರುಗಣೆಯ ಮೇಲೆ. ಕಂಪನ ಜಾರಿದಂತೆಲ್ಲ ಹಿಂದೆಯೇ ಹೋಗಿ ಹಿಡಿದು ತಂದ. ಕಾಲು ಮುರಿದಿದೆ, ಪಡುವಣ ಅಂಚಿನಿಂದ ಹಗ್ಗ ಬಿಡಿ, ಏಣಿ ತನ್ನಿ ಎಂದು ಚೂರುಚೂರಾಗಿ ಹೇಳಿ ಮುಗಿಸಿದ. ಮೇಲಿನಿಂದ ಅವಳು ಪ್ರತಿ ಚೂರನ್ನೂ ತಿರುಗಿ ಹೇಳಿ ಖಾತ್ರಿ ಮಾಡಿಕೊಂಡಳು.

ಎಸ್ಟೇಟಿನ ಜನ ಬರುವ ಹೊತ್ತಿಗೆ ನೆರೆ ಇಳಿಯತೊಡಗಿತ್ತು. ಬಂಡೆಯ ಮೇಲೆ ಪಟ್ಟಿ ಎರಡೇ ಮೊಳೆಯಲ್ಲಿ ನೇತಾಡುತ್ತಿತ್ತು. ಇನ್ನೊಂದು ಮಳೆ ಬಂದರೆ ಕಿತ್ತುಕೊಂಡು ಹೋಗುತ್ತದೆ.

ವ್ಯಾಸರಾಯ ಹಗ್ಗ ಕಟ್ಟಿಕೊಂಡು, ಚೀಲದಲ್ಲಿದ್ದ ಇನ್ನೊಂದು ಸುತ್ತಿಗೆ ತೆಗೆದುಕೊಂಡ. ನಂಜುಂಡನ್ ಬೇಡವೆಂದು ಕೈ ಹಿಡಿದ. ಬಿಡು ಅಣ್ಣ ಎಂದು ಕೈ ಬಿಡಿಸಿಕೊಂಡು ಅವನು ಇಳಿದ. ನೀರು ಸೊಂಟದ ಮೇಲಿತ್ತು. ಪ್ರತಿ ಹೆಜ್ಜೆಗೂ ಕಾಲಡಿಯ ಕಲ್ಲು ಉರುಳುತ್ತಿತ್ತು. ಒಂದು ಏಟು ಮೊಳೆಗೆ, ಒಂದು ಏಟು ಸುಲಿದ ಕೈಗೆ. ಚಾಚುಬಂಡೆಯ ಮೇಲಿಂದ ಚೆನ್ನಕೇಶವನ್ ನೋವಿನ ನಡುವೆಯೇ ಎಡಕ್ಕೆ, ಇನ್ನೂ ಎಡಕ್ಕೆ ಎಂದು ಹೇಳಿಕೊಟ್ಟ. ಕೊನೆಯ ಮೊಳೆ ಕೂತಾಗ ಪಟ್ಟಿ ಅಲುಗಾಡುವುದು ನಿಂತಿತು.

ಎಸ್ಟೇಟಿನ ಜನ ಚೆನ್ನಕೇಶವನ್‌ನನ್ನು ಏಣಿಗೆ ಕಟ್ಟಿ, ಅಡಿಯಡಿಯಾಗಿ ಗೋಡೆಯ ಮೇಲೆ ಎತ್ತಿದರು. ಕೆಳಗಿನಿಂದ ವ್ಯಾಸರಾಯ ಏಣಿ ಬಂಡೆಗೆ ತಾಗದಂತೆ ಹೆಗಲು ಕೊಟ್ಟುಕೊಂಡು ಹತ್ತಿದ. ಕಾಡು ದಾಟಿ ಬಂಗಲೆಯ ದೀಪ ಕಂಡಾಗ ಸಂಜೆಯಾಗಿತ್ತು.

ಬಂಗಲೆಯಲ್ಲಿ ಕಾಯುತ್ತಿದ್ದ ಗೋಪಾಲಕೃಷ್ಣರಾಯರು ಓಡಿ ಬಂದು ತಮ್ಮನ ಬೆನ್ನು ತಟ್ಟಿದರು. ನಿನ್ನ ವೈರ್‌ಲೆಸ್ಸು ಒಂದು ಜೀವ ಉಳಿಸಿತು ಎಂದು ಎಸ್ಟೇಟಿನ ಮ್ಯಾನೇಜರಿಗೂ ಕೇಳಿಸುವಂತೆ ಹೇಳಿದರು.

"ಇಲ್ಲಣ್ಣ. ಅವರ ಕಾಲು ಮುರಿದದ್ದೇ ಅದರಿಂದ. ಸೆಟ್ಟು ಜಾರಿತ್ತು. ನಾನು ಅದನ್ನ ಒಪ್ಪದೆ, ಅತ್ತಿಗೆ ಎದ್ದು ಹೋಗಿದ್ದಾರೆ ಅಂತ ಹೇಳಿ ಅವರನ್ನ ನೀರಿಗೆ ಇಳಿಸಿದೆ."

ವೇದವತಿ ಬಾಗಿಲಲ್ಲಿ ನಿಂತಿದ್ದಳು. ಅವನು ಅವಳ ಕಡೆ ತಿರುಗಿದ, ಆದರೆ ಕಣ್ಣೆತ್ತಲಾಗಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು, ದನಿಯೇ ಹೊರಡಲಿಲ್ಲ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಪೂರಾ ಕಟ್ಟಿಹೋಗಿತ್ತು. ಹತ್ತಿರ ಬಂದು ಉಸಿರಿನಲ್ಲೇ ಕೇಳಿದಳು:

"ಕಂಪನ ಮೇಲಕ್ಕೆ ಜಾರಿತಾ, ಕೆಳಕ್ಕಾ?"

"ಮೇಲಕ್ಕೆ, ಅತ್ತಿಗೆ. ತಣ್ಣಗಾದರೆ ಮೇಲಕ್ಕೆ ಹೋಗುತ್ತೆ."

ಅವಳು ತಲೆಯಾಡಿಸಿ, ಅವನ ಸುಲಿದ ಅಂಗೈ ನೋಡಿ, ಬಿಸಿನೀರು ತರಲು ಒಳಗೆ ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಎಸ್ಟೇಟಿನ ಲಾರಿ ಘಾಟಿಯ ತಿರುವುಗಳಲ್ಲಿ ಪೊಳ್ಳಾಚಿ ಆಸ್ಪತ್ರೆಯತ್ತ ಇಳಿಯಿತು. ಹಿಂದೆ ಹುಲ್ಲಿನ ಮೇಲೆ ಚೆನ್ನಕೇಶವನ್ ಮಲಗಿದ್ದ. ದಬ್ಬೆ ಕಟ್ಟಿದ ಅವನ ಕಾಲು ವ್ಯಾಸರಾಯನ ತೊಡೆಯ ಮೇಲಿತ್ತು. ಪ್ರತಿ ಕುಲುಕಿಗೂ ಅವನು ಎರಡು ಕೈಯಲ್ಲೂ ಅದನ್ನು ಎತ್ತಿ ಹಿಡಿಯುತ್ತಿದ್ದ.

"ವ್ಯಾಸರಾಯರೇ" ಎಂದ ಚೆನ್ನಕೇಶವನ್, ಕಣ್ಣು ಮುಚ್ಚಿಕೊಂಡೇ. "ಪಟ್ಟಿ ನೆಟ್ಟಗೆ ಕೂತಿದೆಯಲ್ವಾ?"

"ನೆಟ್ಟಗೆ ಕೂತಿದೆ. ಕೈ ಹಾಕಿ ಅಲುಗಿಸಿ ನೋಡಿದೆ."

"ಸರಿ ಹಾಗಾದ್ರೆ. ಮಳೆ ಬರಲಿ" ಎಂದು ಅವನು ಮುಖ ಆ ಕಡೆ ತಿರುಗಿಸಿಕೊಂಡ.

ಸ್ವಲ್ಪ ಹೊತ್ತಿಗೆ ಅವನಿಗೆ ನಿದ್ದೆ ಹತ್ತಿತು. ವ್ಯಾಸರಾಯನ ತೊಡೆ ಜೋಮು ಹಿಡಿದು ಕಲ್ಲಾಗಿತ್ತು. ಲಾರಿ ಬಯಲಿಗೆ ಇಳಿದು, ರಸ್ತೆ ನೇರವಾಗಿ, ಕುಲುಕಾಟ ನಿಂತ ಮೇಲೂ ಅವನು ಕಾಲು ಅಲುಗಿಸದೆ ಹಾಗೇ ಕೂತಿದ್ದ.