ಒಂಬತ್ತನೇ ದರ್ಜೆಯ ಕವಚ

ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ದಾಳದ ಕಥೆಯಾಟದಲ್ಲಿ ಆಡಿಸುತ್ತಿದ್ದ ವೀರ, ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಸತ್ತುಬಿದ್ದ. ಅದೂ ಒಬ್ಬ ಯಃಕಶ್ಚಿತ್ ಕುಳ್ಳ ರಾಕ್ಷಸನ ಕೈಯಲ್ಲಿ.

"ನಂದು ಒಂಬತ್ತನೇ ನಂಬರ್ ಕವಚ. ಎಲ್ಲರಿಗಿಂತ ದೊಡ್ಡದು. ಅವನು ಹೇಗೆ ಸಾಯ್ತಾನೆ?"

ಆಟ ನಡೆಸುವ ಮೇಷ್ಟರ ಜೊತೆ ಕೂತಿದ್ದ ಅವರ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಳೇ ಆಟದಲ್ಲಿ ಒಂಬತ್ತು ಅಂದ್ರೆ ಮೈಮೇಲೆ ಬರೀ ಅಂಗಿ ಕಣೇ. ಪಾಪ, ಅವನನ್ನ ನೀನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದೆ." ಟೀ ಮಾಡಿ ತರುತ್ತೇನೆಂದು ಅವಳು ಕೆಳಗಿಳಿದು ಹೋದಳು.

ಸೈಕಲ್ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಉಳಿದವರು ಹುಡುಗಿ ಮತ್ತು ಮೇಷ್ಟರು ಇಬ್ಬರೇ. ವರ್ಷದಿಂದ ಪ್ರತಿ ಭಾನುವಾರ ಅವಳು ಇಲ್ಲಿಗೆ ಬರುತ್ತಿದ್ದಳು. ಇಷ್ಟು ದಿನ ಆಡಿದ್ದು ಹೊಸ ಆಟ. ಅಲ್ಲಿ ನಂಬರ್ ಏರಿದಷ್ಟೂ ಕವಚ ಗಟ್ಟಿ. ಇವತ್ತು ಮಾತ್ರ ಭೂಗೋಳದ ಮೇಷ್ಟರು ತಮ್ಮ ಪ್ರೀತಿಯ ಹಳೇ ನಿಯಮಗಳ ಪುಸ್ತಕ ಹೊರತೆಗೆದಿದ್ದರು. ಮುಂದಿನ ವಾರ ಅವಳು ಇರುತ್ತಾಳೋ ಇಲ್ಲವೋ. ಬೇರೆ ಊರಿನ ಹೊಸ ಬ್ರ್ಯಾಂಚಿಗೆ ಹೋಗುತ್ತೀಯಾ ಎಂದು ಕನ್ನಡಕದಂಗಡಿಯ ಮಾಲೀಕರು ಕೇಳಿದ್ದರು, ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಇದು ಮೇಷ್ಟರಿಗೂ ಗೊತ್ತಿತ್ತು. ಅವಳಿಗೆ ಹೋಗಲು ಇಷ್ಟವಿರಲಿಲ್ಲ. ಮೇಷ್ಟರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಈ ಮಹಾನುಭಾವ ಬಾಯಿ ಬಿಡಬೇಕಲ್ಲ.

"ಚಿಕ್ಕ ನಂಬರ್ ಯಾಕೆ ಒಳ್ಳೇದು?"

"ಮೊದಲನೇ ದರ್ಜೆ, ಎರಡನೇ ದರ್ಜೆ ಅಂತೀವಲ್ಲ, ಹಾಗಂದ್ಕೊಳ್ಳಿ." ಮೇಷ್ಟರ ಕಣ್ಣು ಅರಳಿತು. ಅವರು ಒಂದು ಸೀಸದ ಸೈನಿಕನನ್ನು ಅವಳ ಅಂಗೈಯಲ್ಲಿಟ್ಟರು. "ಮೊದಲು ಇದ್ದದ್ದು ಯುದ್ಧದಾಟ. ಇಂಥವನೊಬ್ಬ ನಿಂತರೆ ಇಪ್ಪತ್ತು ಜನ ನಿಂತಂತೆ. ಯಾರಿಗೆ ಎಷ್ಟು ಗಾಯ ಅಂತ ಯಾರು ಲೆಕ್ಕ ಇಡ್ತಾರೆ? ಪೆಟ್ಟು ತಾಗ್ತಾ? ಬಿದ್ದ. ಅದಕ್ಕೇ ಕವಚದ ಕೆಲಸ ನೋವು ಕಡಿಮೆ ಮಾಡೋದಲ್ಲ, ತಾಗದ ಹಾಗೆ ನೋಡ್ಕೊಳ್ಳೋದು. ಆಮೇಲೆ ಒಬ್ಬೊಬ್ಬ ವೀರನ ಕಥೆ ಆಡೋಕೆ ಶುರು ಮಾಡಿದ್ರು. ವೀರ ಒಂದೇ ಏಟಿಗೆ ಸತ್ತರೆ ಕಥೆ ಎಲ್ಲಿ? ಅವನಿಗೆ ಪ್ರಾಣದ ಅಂಕ ಕೊಟ್ಟರು, ಏಟು ಬಿದ್ದಷ್ಟೂ ಕಳೀತಾ ಹೋಗೋ ಅಂಕ. ಕವಚ ಮಾತ್ರ ಹಳೇ ಯುದ್ಧದಾಟದ್ದೇ ಉಳೀತು."

ಅವಳು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿದ್ದಳು. ಯಾರೋ ಎಂದೋ ಮಾಡಿದ ಒಂದು ನಿಯಮವನ್ನು ಇಷ್ಟು ಅಕ್ಕರೆಯಿಂದ ಹೇಳಬಲ್ಲ ಮನುಷ್ಯ ಇನ್ನೊಬ್ಬ ಸಿಗುತ್ತಾನೆಯೇ? ಸಿಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

"ಹಾಗಾದ್ರೆ ತಾಗಿದ ಮೇಲೆ ಕವಚದಿಂದ ಏನೂ ಪ್ರಯೋಜನ ಇಲ್ವಾ?"

"ಏನೂ ಇಲ್ಲ."

"ನಿಮಗೆ ಯಾವತ್ತೂ ಏನೂ ತಾಗೇ ಇಲ್ಲ, ಅಲ್ವಾ ಮೇಷ್ಟ್ರೇ?"

ಅವರು ತಲೆ ತಗ್ಗಿಸಿದರು. ಕಿವಿ ಕೆಂಪಾಯಿತು. "ತಾಗಿ ಒಂದು ವರ್ಷ ಆಯ್ತು."

ಅವಳು ಸೈನಿಕನನ್ನು ಮೇಜಿನ ಮೇಲಿಟ್ಟಳು. "ಮತ್ತೆ ಬಾಯಿಗೆ ಬೀಗ ಯಾಕೆ?"

"ನಿಮಗೆ ಒಳ್ಳೇ ಕೆಲಸ ಸಿಕ್ಕಿದೆ. ನಾನು ಅಡ್ಡ ಬಂದ ಹಾಗಾಗಬಾರದು ಅಂತ."

"ಅಡ್ಡ ಬನ್ನಿ ಅಂತ ತಾನೇ ನಾನು ವರ್ಷದಿಂದ ಈ ಮೆಟ್ಟಿಲು ಹತ್ತುತ್ತಾ ಇರೋದು?" ಅವಳು ಅವರತ್ತ ಬಾಗಿದಳು. "ನನಗೆ ನೀವಂದ್ರೆ ಇಷ್ಟ. ಹೋಗಲಾ, ಬೇಡ್ವಾ? ಅಷ್ಟು ಹೇಳಿ."

ಮೇಷ್ಟರು ತರಗತಿಯಲ್ಲಿ ಎಂದೂ ತೊದಲಿದವರಲ್ಲ. ಈಗ ತೊದಲಿದರು.

"ಹೋ... ಹೋಗಬೇಡ."

ಅವರು ಅವಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವಳು ಅವರ ಕೈ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮಾಲೀಕರಿಗೆ ಫೋನ್ ಮಾಡಿದಳು.

"ಸಾರ್, ನಾನು ಇಲ್ಲೇ ಇರ್ತೀನಿ."