ಕಿವಿ ಮೇಷ್ಟ್ರಿಗೆ ಕೇಳಿಸದೇ ಹೋದದ್ದು

ಅವಳು ಮೊಬೈಲನ್ನು ಆಡಿಯೋ ಅಂಗಡಿಯ ಗಾಜಿನ ಕೌಂಟರಿನ ಮೇಲಿಟ್ಟು, "ಇವಕ್ಕೆ ಹೊಂದೋ ರಿಸೀವರ್ ಬೇಕು. ನಮ್ಮದು ಕೆಟ್ಟು ಕೂತಿದೆ" ಎಂದಳು.

ಪರದೆಯ ಮೇಲೆ ಸೊಂಟದೆತ್ತರದ ಎರಡು ಸ್ಪೀಕರುಗಳ ಬೆನ್ನಿನ ಫೋಟೊ. ಆರು ಓಮ್, ನೂರು ವ್ಯಾಟ್ ಎಂದು ದಪ್ಪ ಅಕ್ಷರದಲ್ಲೇ ಬರೆದಿತ್ತು. ಅಷ್ಟು ಓದಿಕೊಂಡ ಯಾವ ಸೇಲ್ಸ್‌ಮನ್ನಾದರೂ ಐದು ನಿಮಿಷದಲ್ಲಿ ಅವಕ್ಕೆ ಹಾಡು ಕಳಿಸುವ ಪೆಟ್ಟಿಗೆಯನ್ನು, ತಕ್ಕ ರಿಸೀವರನ್ನು, ತೆಗೆದು ಕೊಡುತ್ತಿದ್ದ. ಆದರೆ ಕೌಂಟರಿನ ಹಿಂದೆ ನಿಂತಿದ್ದ ಇವನು ಬರೀ ಸೇಲ್ಸ್‌ಮನ್ ಅಲ್ಲವಲ್ಲ, ಕಿವಿ ಮೇಷ್ಟ್ರು!

ಆ ಹೆಸರು ಅಂಗಡಿಯವರು ಕೊಟ್ಟದ್ದು. ಹನ್ನೊಂದು ವರ್ಷದಿಂದ, ಸ್ಪೀಕರನ್ನು ಅದಿರುವ ಮನೆಗೇ ಹೋಗಿ ಕೇಳದೆ ಅವನು ಒಂದು ರಿಸೀವರನ್ನೂ ಮಾರಿದವನಲ್ಲ. ಗಿರಾಕಿಗಳು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನಿಗೂ ಅದು ಸ್ವಲ್ಪ ತಲೆಗೇರಿತ್ತು.

"ನಂಬರ್ ನೋಡಿ ಜೋಡಿ ಮಾಡೋಕಾಗಲ್ಲ ಮೇಡಂ. ಭಾನುವಾರ ಮಧ್ಯಾಹ್ನ ಎರಡು ರಿಸೀವರ್ ತಗೊಂಡು ಮನೆಗೇ ಬರ್ತೀನಿ. ಯಾವುದು ಸರಿ ಅಂತ ಕಣ್ಣು ಮುಚ್ಕೊಂಡು ಹೇಳ್ತೀನಿ."

"ಕಣ್ಣು ಮುಚ್ಕೊಂಡ್ರೆ ಕಷ್ಟ. ಅಮ್ಮ ತಿಂಡಿ ತಂದಿಟ್ಟದ್ದು ಕಾಣಲ್ಲ."

ನಗುತ್ತಾ ಅವಳು ತಲೆ ವಾಲಿಸಿ ಅವನ ಎಡಗಿವಿಯ ಕಡೆ ನೋಡಿದಳು. ಒಂದು ಸಲವಲ್ಲ, ಮೂರು ಸಲ. ಮೊನ್ನೆ ತಾನೇ ಕೂದಲು ಕತ್ತರಿಸಿಕೊಂಡಿದ್ದ ಇವನು, ಹೊಸ ಕಟಿಂಗ್ ಒಪ್ಪುತ್ತಿರಬೇಕು ಅಂದುಕೊಂಡು ಕಿವಿಯ ಮೇಲಿನ ಕೂದಲನ್ನು ನೀವಿಕೊಂಡ. ಅವಳ ಕೆನ್ನೆಯಲ್ಲಿ ಗುಳಿ ಬಿತ್ತು. ಅಲ್ಲಿಗೆ ಮೇಷ್ಟ್ರ ಕಥೆ ಮುಗಿಯಿತು.

ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ಎರಡು ರಿಸೀವರ್ ಹೊತ್ತು ಮೂರನೇ ಮಹಡಿ ಹತ್ತಿದ. ಮನೆಯಲ್ಲಿದ್ದವರು ಅವಳು ಮತ್ತು ಅವಳ ಅಮ್ಮ, ಇಬ್ಬರೇ. ಸ್ಪೀಕರುಗಳು ತೀರಿಹೋದ ಅಪ್ಪನವು. ಅಮ್ಮ ದಿನಾ ಅವುಗಳ ಮೇಲಿನ ಧೂಳು ಒರೆಸುತ್ತಿದ್ದರು. ಸಂಜೆ ಒಂದು ಗಂಟೆ ಹೊತ್ತು ಹಾಡು ಕೇಳುವುದು ಗಂಡ ಹೆಂಡತಿ ಮೂವತ್ತು ವರ್ಷ ನಡೆಸಿಕೊಂಡು ಬಂದ ಅಭ್ಯಾಸ. ಆಮೇಲೆ ಅಮ್ಮ ಒಬ್ಬರೇ ಕೂತು ಕೇಳುತ್ತಿದ್ದರು, ರಿಸೀವರ್ ಕೆಡುವ ತನಕ.

ಮೊದಲ ರಿಸೀವರ್ ಪರವಾಗಿಲ್ಲ ಅನ್ನುವಂತಿತ್ತು. ಎರಡನೆಯದನ್ನು ಜೋಡಿಸುವ ಮುಂಚೆ ಅವನು ಸ್ಪೀಕರಿನ ಹಿಂದಿನ ತಿರುಪುಗಳನ್ನು ಬಿಚ್ಚಿ, ಕಿಲುಬು ಒರೆಸಿ, ಮತ್ತೆ ವೈರು ಸಿಕ್ಕಿಸಿದ. ಅವಳು ಸೋಫಾದ ಕೈಮೇಲೆ ಗಲ್ಲ ಊರಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಹಾಗೆ ನೋಡಿಸಿಕೊಂಡು ಕೆಲಸ ಮಾಡುವುದು ಅಷ್ಟು ಸುಲಭವೇ? ಅವನಿಗೆ ಎಡ ಬಲ ತಿಳಿಯದಂತಾಗಿತ್ತು.

ಹಾಡು ಶುರುವಾಯಿತು. ಅವನು ಕಣ್ಣು ಮುಚ್ಚಿದ. "ಆಹಾ! ಈ ಸಣ್ಣ ಗಂಟೆಗಳ ಸದ್ದು ನೋಡಿ, ಎಷ್ಟು ತಿಳಿಯಾಗಿದೆ. ಇದೇ ಸರಿಯಾದ ಜೋಡಿ."

"ಗಂಟೇನಾ?" ಎಂದರು ಅಮ್ಮ. "ನನಗೆ ಕಂಬಳಿ ಹೊದ್ಕೊಂಡು ಹಾಡಿದ ಹಾಗೆ ಕೇಳಿಸ್ತಿದೆಯಪ್ಪ."

ಅವನು ಕಣ್ಣು ತೆರೆದು, ತುಂಬ ತಿಳಿದವನ ಹಾಗೆ, ತುಂಬ ಮೆತ್ತಗೆ ಹೇಳಿದ: "ಬೇಜಾರು ಮಾಡ್ಕೋಬೇಡಿ ಅಮ್ಮ. ವಯಸ್ಸಾಗ್ತಾ ಸಣ್ಣ ಸದ್ದು ಕಿವಿಗೆ ಸಿಗಲ್ಲ. ಎಲ್ಲರಿಗೂ ಆಗೋದೇ."

ಅಮ್ಮ ಸೆರಗಿನ ತುದಿಯಿಂದ ಸ್ಪೀಕರಿನ ಮೇಲಿಲ್ಲದ ಧೂಳನ್ನು ಒರೆಸತೊಡಗಿದರು. ಅವಳು ಏನೋ ಹೇಳಲು ಬಾಯಿ ತೆರೆದವಳು, ಅವನ ಮುಖ ನೋಡಿ ಮುಚ್ಚಿಕೊಂಡಳು. "ಎರಡನೇದೇ ಇರಲಿ" ಎಂದಳು ಕೊನೆಗೆ.

ಸೋಮವಾರ ಬೆಳಿಗ್ಗೆ ಪ್ಯಾಂಟನ್ನು ಒಗೆಯಲು ಹಾಕುವಾಗ ಜೇಬಿನಿಂದ ನಾಲ್ಕು ಹಿತ್ತಾಳೆ ಪಟ್ಟಿಗಳು ಟಣ್ಣನೆ ನೆಲಕ್ಕೆ ಬಿದ್ದವು.

ಅವನು ಒಂದನ್ನು ಎತ್ತಿ ನೋಡಿದ. ಆ ಸ್ಪೀಕರುಗಳ ಬೆನ್ನಿನಲ್ಲಿ ಕೆಳಗಿನ ತಿರುಪುಗಳು ದಪ್ಪ ಸದ್ದಿಗೆ, ಮೇಲಿನವು ಗಂಟೆಯಂಥ ಸಣ್ಣ ಸದ್ದಿಗೆ. ಎರಡನ್ನೂ ಜೋಡಿಸುವುದು ಈ ಪಟ್ಟಿಗಳು. ಒರೆಸುವಾಗ ಬಿಚ್ಚಿ ಜೇಬಿಗೆ ಹಾಕಿಕೊಂಡವನು ಮರಳಿ ಹಾಕುವುದನ್ನೇ ಮರೆತಿದ್ದ. ಅಂದರೆ ನಿನ್ನೆ ಸಣ್ಣ ಸದ್ದು ಹೊರಡಿಸುವ ಭಾಗಕ್ಕೆ ಸಂಪರ್ಕವೇ ಇರಲಿಲ್ಲ. ಆ ಮನೆಯಲ್ಲಿ ಯಾವ ಗಂಟೆಯ ಸದ್ದೂ ಹೊರಟಿರಲಿಲ್ಲ. ಅವನು ಹೊಗಳಿದ್ದು ಮೊದಲು ಯಾವಾಗಲೋ ಕೇಳಿ ನೆನಪಿಟ್ಟುಕೊಂಡಿದ್ದ ಸದ್ದನ್ನು. ನಿಜ ಕೇಳಿಸಿಕೊಂಡದ್ದು ಅಮ್ಮ, ಅವರಿಗೇ ಇವನು ಕಿವುಡಿನ ಪಾಠ ಹೇಳಿ ಬಂದಿದ್ದ.

ಮುಖಕ್ಕೆ ನೀರು ಹಾಕಿಕೊಂಡರೂ ಉರಿ ಹೋಗಲಿಲ್ಲ. ಬೈಕು ಸ್ಟಾರ್ಟ್ ಮಾಡುವ ಮೊದಲು ಅವಳ ಮನೆಗೆ ಫೋನ್ ಮಾಡಿದ. "ಅವಳು ಆಸ್ಪತ್ರೇಲಿ ಕೆಲಸಕ್ಕೆ ಹೋಗಿದ್ದಾಳಪ್ಪ, ಎರಡನೇ ಮಹಡಿ" ಎಂದರು ಅಮ್ಮ. ನರ್ಸ್ ಇರಬೇಕು ಅಂದುಕೊಂಡು ಹೋದ. ಎರಡನೇ ಮಹಡಿಯ ಬಾಗಿಲ ಮೇಲೆ "ಶ್ರವಣ ಪರೀಕ್ಷೆ" ಎಂದು ಬರೆದಿತ್ತು. ಒಳಗೆ ಬಿಳಿ ಕೋಟಿನಲ್ಲಿ ಅವಳು.

ದಿನಾ ಹತ್ತಾರು ಜನರ ಕಿವಿ ಪರೀಕ್ಷೆ ಮಾಡುವವಳ ಮುಂದೆ ತಾನು ಕಿವಿ ಮೇಷ್ಟ್ರಾಗಿದ್ದೆ! ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೆತ್ತಗೆ ಹಿಂದೆ ಸರಿಯುವಷ್ಟರಲ್ಲಿ ಅವಳು ತಲೆ ಎತ್ತಿದಳು.

"ಬನ್ನಿ ಮೇಷ್ಟ್ರೇ. ಪಟ್ಟಿ ಸಿಕ್ಕಿತಾ?"

"ನಿಮಗೆ... ಗೊತ್ತಿತ್ತಾ?"

"ಹಾಡು ಶುರುವಾದ ತಕ್ಷಣ ಗೊತ್ತಾಯ್ತು. ನೀವು ಹೋದ್ಮೇಲೆ ತುಂಡು ವೈರ್ ಹಾಕಿ ಸರಿ ಮಾಡಿದೆ."

"ಮೊದಲ ದಿನಾನೂ... ನೀವು ನನ್ನ ಎಡಗಿವಿ ನೋಡ್ತಾ ಇದ್ರಿ."

"ಮಾತಾಡುವಾಗೆಲ್ಲ ನೀವು ಬಲಗಿವಿ ಮುಂದೆ ತರ್ತಿದ್ರಿ. ನನ್ನ ಕಣ್ಣಿಗೆ ಅದೇ ಬೀಳೋದು, ಏನ್ ಮಾಡ್ಲಿ?" ಅವಳು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. "ದಿನಾ ಎಷ್ಟೋ ಜನಕ್ಕೆ ನಿಮ್ಮ ಕಿವಿ ಮಂದ ಅಂತ ಮುಖಕ್ಕೇ ಹೇಳ್ತೀನಿ. ನಿಮಗೆ ಹೇಳೋಕೆ ಬಾಯಿ ಬರಲಿಲ್ಲ. ಕಣ್ಣು ಮುಚ್ಕೊಂಡು ಅಷ್ಟು ಖುಷಿಯಾಗಿದ್ರಿ. ನನಗೂ ಅದಕ್ಕೆ ನಾಚಿಕೆಯಾಗಿದೆ. ಅಮ್ಮ ನಿನ್ನೆಯಿಂದ ಹಾಡು ಹಾಕೇ ಇಲ್ಲ."

"ನೀವು ಅವರಿಗೆ ಹೇಳಲಿಲ್ವಾ?"

"ಹೇಳಿದೆ. ನೀನು ಮಗಳು, ಸಮಾಧಾನಕ್ಕೆ ಹೇಳ್ತೀಯ, ಅವರು ಅಷ್ಟು ವರ್ಷ ಇದೇ ಕೆಲಸ ಮಾಡಿದವರು ಅಂತಾರೆ."

ಅವನು ಲೆಕ್ಕ ಹಾಕಿದ. ಹೋಗಿ ತಪ್ಪೊಪ್ಪಿಕೊಂಡರೆ ಮುಗಿಯಿತು, ಅಮ್ಮ ಮತ್ತೆ ಹಾಡು ಹಾಕುತ್ತಾರೆ. ಆದರೆ ಹಾಗೆ ಒಪ್ಪಿಕೊಂಡ ಮೇಲೆ ಕಿವಿ ಮೇಷ್ಟ್ರು ಅನ್ನುವವನು ಎಲ್ಲಿ ಉಳಿಯುತ್ತಾನೆ? ಅದನ್ನು ಬಿಟ್ಟರೆ ಅವನ ಹತ್ತಿರ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ.

"ಗಡಿಬಿಡೀಲಿ ಆಗಿದ್ದು ಅಷ್ಟೇ ಮೇಡಂ. ನನ್ನ ಕಿವಿ ಚೆನ್ನಾಗೇ ಇದೆ" ಎಂದ.

"ಹಾಗಾದ್ರೆ ಕೂತ್ಕೊಳ್ಳಿ. ಸದ್ದು ಕೇಳಿಸಿದಾಗ ಬಟನ್ ಒತ್ತಿ."

ಕಿಟಕಿಯಷ್ಟು ಗಾಜಿದ್ದ ಪುಟ್ಟ ಕೋಣೆ. ಕಿವಿಗೆ ಹೆಡ್‌ಫೋನ್. ಗಾಜಿನಾಚೆ ಅವಳು. ಮೊದಮೊದಲು ಕೂಂ ಎನ್ನುವ ದಪ್ಪ ಸದ್ದುಗಳು ಸಲೀಸಾಗಿ ಬಂದವು. ಆಮೇಲೆ ಬರಬರುತ್ತಾ ಏನೂ ಇಲ್ಲ. ಆದರೆ ಪ್ರತಿ ಸಲ ಸದ್ದು ಬಿಡುವಾಗ ಅವಳ ಬಲಹುಬ್ಬು ಒಂದೆಳೆಯಷ್ಟು ಮೇಲೇಳುತ್ತಿತ್ತು. ಅವಳ ಮುಖವನ್ನು ಅಷ್ಟು ಆಸೆಯಿಂದ ನೋಡುತ್ತಿದ್ದವನಿಗೆ ಅದು ಕಾಣದೆ ಇರುತ್ತದೆಯೇ? ಹುಬ್ಬು ಏಳುವುದು, ಅವನು ಬಟನ್ ಒತ್ತುವುದು. ಹುಬ್ಬು, ಬಟನ್.

ಅವಳು ಒಂದು ಗಳಿಗೆ ಅವನನ್ನೇ ದಿಟ್ಟಿಸಿದಳು. ಬೈಗುಳವೂ ಅಲ್ಲ, ನಗುವೂ ಅಲ್ಲ, ಸಿಕ್ಕಿಬಿದ್ದೆ ಎನ್ನುವ ನೋಟ. ಆಮೇಲೆ ಕುರ್ಚಿ ತಿರುಗಿಸಿ ಅವನಿಗೆ ಬೆನ್ನು ಹಾಕಿ ಕೂತಳು.

ಈಗ ಅವನಿಗೆ ಕಾಣುವುದು ಬಿಳಿ ಕೋಟು, ಒಂದು ಜಡೆ. ಸದ್ದು ಬರುತ್ತಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಸುಮ್ಮನೆ ಒತ್ತಲೇ ಅಂದುಕೊಂಡ. ಹೆಬ್ಬೆರಳು ಬಟನ್ ಮೇಲೇ ಇತ್ತು. ಇನ್ನು ಇವಳಿಗೂ ಸುಳ್ಳು ಹೇಳಿದರೆ ಯಾರಿಗೆ ನಿಜ ಹೇಳುವುದು? ಅವನು ಬಟನನ್ನು ತೊಡೆಯ ಮೇಲಿಟ್ಟು ಕೈ ಕಟ್ಟಿಕೊಂಡ.

ಅವಳು ಬಾಗಿಲು ತೆರೆದಾಗ ಅವನ ಕಣ್ಣು ಒದ್ದೆಯಾಗಿತ್ತು. ಅವಳು ತೋರಿಸಿದ ಪರೀಕ್ಷೆಯ ಕಾಗದದ ಮೇಲಿನ ಗೆರೆ ಅರ್ಧ ದಾರಿಯವರೆಗೆ ನೆಟ್ಟಗೆ ಹೋಗಿ, ಆಮೇಲೆ ಸಣ್ಣ ಸದ್ದಿನ ಕಡೆ ಬಿದ್ದುಬಿಟ್ಟಿತ್ತು. ಎಡಗಿವಿಯದು ಇನ್ನೂ ಕೆಳಗೆ.

"ಅಂಗಡಿ ಡೆಮೊ ರೂಮಲ್ಲಿ ಅಷ್ಟು ವರ್ಷ ಜೋರು ಸದ್ದಲ್ಲಿ ಇದ್ರಲ್ಲ, ಅದಕ್ಕಿರಬಹುದು. ಡಾಕ್ಟರಿಗೂ ಒಂದ್ಸಲ ತೋರಿಸಿ," ಎಂದಳು. "ಮತ್ತೆ ಆ ಎರಡನೇ ರಿಸೀವರ್ ಇದೆಯಲ್ಲ, ಓಮ್, ವ್ಯಾಟ್ ಎಲ್ಲ ನೋಡಿದೆ. ಅದೇ ಸರಿ. ನೀವು ಆರಿಸಿದ್ದು ತಪ್ಪಾಗಿರಲಿಲ್ಲ."

"ಎಷ್ಟು ಗಂಟೆಗೆ ಮನೆಗೆ ಹೋಗ್ತೀರಿ?" ಎಂದು ಕೇಳಿದ. "ನಾನೂ ಬರ್ತೀನಿ."

ಸಂಜೆ ಅಮ್ಮ ಕಾಫಿ ತಂದರು. ಅವನು ಲೋಟ ಮುಟ್ಟಲಿಲ್ಲ, ಕೂರಲೂ ಇಲ್ಲ.

"ಅಮ್ಮ, ನಿನ್ನೆ ಕೇಳಿಸದೇ ಇದ್ದದ್ದು ನಿಮಗಲ್ಲ, ನನಗೆ. ಸ್ಪೀಕರಿನ ಪಟ್ಟಿ ಬಿಚ್ಚಿ ನಾನೇ ಜೇಬಲ್ಲಿಟ್ಟುಕೊಂಡಿದ್ದೆ. ನಿಮ್ಮ ಕಿವಿ ಸರಿಯಾಗೇ ಹೇಳ್ತು. ನನ್ನ ಎಡಗಿವಿ ಅರ್ಧ ಹೋಗಿದೆ. ದೊಡ್ಡವರಿಗೆ ಹಾಗೆ ಹೇಳಬಾರದಿತ್ತು. ತಪ್ಪಾಯ್ತು."

ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ? ಬೆಳಿಗ್ಗೆ ಫೋನ್ ಮಾಡಿದಾಗಲೇ ಹೇಳಬಹುದಿತ್ತಲ್ಲ?"

"ಫೋನಲ್ಲಿ ನಿಮ್ಮ ಮಗಳು ಕಾಣಲ್ಲ ಅಮ್ಮ."

ಬಾಯಿಂದ ಬಿದ್ದ ಮಾತು. ನಾಲಿಗೆ ಕಚ್ಚಿಕೊಂಡ. ಕಿಟಕಿಯ ಹತ್ತಿರ ಕೂತಿದ್ದ ಅವಳು ಪರದೆಯ ಅಂಚಿನ ದಾರವನ್ನು ಎಳೆಯತೊಡಗಿದಳು.

"ಅಯ್ಯೋ ಮಹರಾಯ," ಎಂದರು ಅಮ್ಮ, "ಅದಕ್ಕೆ ನನ್ನ ಕಿವಿ ಯಾಕೆ ಕೆಡಿಸಿದ್ರಿ? ಅವಳನ್ನೇ ನೆಟ್ಟಗೆ ಕೇಳಬಾರದಿತ್ತಾ?" ಹಾಗೆಂದು ಕಾಫಿ ಆರಿತು ಅನ್ನುವ ನೆಪದಲ್ಲಿ ಲೋಟ ಎತ್ತಿಕೊಂಡು ಅಡುಗೆಮನೆಗೆ ನಡೆದರು.

ಇನ್ನು ಕೇಳದೆ ದಾರಿಯಿರಲಿಲ್ಲ. "ನೀವಂದ್ರೆ ನನಗೆ ತುಂಬ ಇಷ್ಟ," ಎಂದ. "ನನ್ನ ಕಿವಿ ಇಷ್ಟೇ. ಇದು ಮತ್ತೆ ಸರಿಹೋಗಲ್ಲ. ಕಿವಿ ಮೇಷ್ಟ್ರು ಅಂತ ಇನ್ನು ಯಾರೂ ಕರೆಯಲ್ಲ. ಇಂಥವನು ನಿಮಗೆ ಆಗಬಹುದಾ?"

ಅವಳು ತಲೆ ಎತ್ತದೆ, ಪರದೆಯ ದಾರ ಬೆರಳಿಗೆ ಸುತ್ತಿಕೊಳ್ಳುತ್ತಾ, ಏನೋ ಹೇಳಿದಳು. ತುಟಿ ಆಡಿದ್ದಷ್ಟೇ ಕಂಡಿತು.

ನಿನ್ನೆಯ ಅವನಾಗಿದ್ದರೆ ಗೊತ್ತಾದವನ ಹಾಗೆ ತಲೆಯಾಡಿಸಿ, ನಕ್ಕು, ಮಿಕ್ಕಿದ್ದನ್ನು ಊಹಿಸಿಕೊಳ್ಳುತ್ತಿದ್ದ. ಇವತ್ತು ಕೆನ್ನೆ ಬಿಸಿಯಾದರೂ ಅವನು ನೋಟ ತಪ್ಪಿಸಲಿಲ್ಲ.

"ಕೇಳಿಸಲಿಲ್ಲ," ಎಂದ. "ಇನ್ನೊಂದ್ಸಲ ಹೇಳ್ತೀರಾ?"

ಅವಳು ಎದ್ದು ಬಂದು, ಅವನ ಬಲಗಡೆ ನಿಂತು, ಇನ್ನೊಂದು ಸಲ ಹೇಳಿದಳು.